ಹೆಬ್ಬೆರಳು ಒಳಗಿದ್ದ ಮುಷ್ಟಿ

ಬುಧವಾರ, ಮಧ್ಯಾಹ್ನ
ವಸ್ತುಸಂಗ್ರಹಾಲಯದ ಎರಡನೇ ಮಹಡಿ, ಏಣಿಯ ಪಕ್ಕ

ಘನತೆವೆತ್ತ ಮುಖಪುಟ ಚಿತ್ರಕಾರರಿಗೆ, ಅಂದರೆ ನಿನಗೆ,

ಉಭಯ ಕುಶಲೋಪರಿ ಎಂದು ಬರೆಯಲು ಕೈ ತಾನಾಗಿ ಹೋಯಿತು, ಅಲ್ಲೇ ತಡೆದೆ. ನನ್ನ ಕುಶಲ ಹೇಳುವಂತಿಲ್ಲ, ನಿನ್ನದನ್ನು ಕೇಳುವ ಮನಸ್ಸಿಲ್ಲ. ಹದಿನಾಲ್ಕು ವರ್ಷ ಒಂದೇ ಸೂರಿನ ಕೆಳಗೆ ನಿನ್ನನ್ನು ನೀವು, ತಾವು, ಅವರು ಎಂದೆಲ್ಲ ಕರೆದೆ. ಈ ಪತ್ರದಲ್ಲಿ ನೀನು ಎಂದೇ ಬರೆಯುತ್ತೇನೆ. ಬೇಜಾರಾದರೆ ಆಗಲಿ. ಬಹುವಚನಕ್ಕೆ ತಕ್ಕ ಕೆಲಸ ನೀನು ಮಾಡಿದ್ದು ನನಗಂತೂ ನೆನಪಿಲ್ಲ.

ಎಲ್ಲಿಂದ ಬರೆಯುತ್ತಿದ್ದೇನೆ ಎಂದು ಮೇಲೆ ನೋಡಿದೆಯಲ್ಲ? ಹೌದು, ಅದೇ ಕೋಣೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನೀನು ಹೊಸ ಕೋಟು ಹಾಕಿಕೊಂಡು ಬಂದು ರಿಬ್ಬನ್ ಕತ್ತರಿಸಲಿರುವ ಕೋಣೆ. ‘ಸಿಡಿಲಾಳು’ ಕಾಮಿಕ್ಸಿನ ಮೂವತ್ತಾರು ಮುಖಪುಟಗಳು ಒಂದು ಗೋಡೆಯುದ್ದಕ್ಕೂ ಗಾಜಿನ ಹಿಂದೆ ಕೂತಿವೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸಿ ತೂಗುಹಾಕುತ್ತಿದ್ದ ಪುಸ್ತಕಕ್ಕೆ ಈಗ ಒಂದೊಂದಕ್ಕೂ ಒಂದು ದೀಪ, ಮುಟ್ಟಬೇಡಿ ಎಂಬ ಸೂಚನೆ, ಪಕ್ಕದಲ್ಲಿ ಒಬ್ಬ ಕಾವಲುಗಾರ. ಮೊದಲ ದಿನ ಒಂದೊಂದನ್ನೂ ನಿಂತು ನೋಡಿದೆ. ಚೆನ್ನಾಗಿವೆ. ನಿನ್ನ ಕೈ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಎದುರು ಗೋಡೆಯ ಮೇಲೆ ಹದಿಮೂರು ಫಲಕಗಳು. ‘ಈ ಮುಖಪುಟಗಳಿಗೆ ಪ್ರೇರಣೆ ಎಲ್ಲಿಂದ ಬಂತು’ ಎಂದು ತಲೆಬರಹ. ಒಂದೊಂದು ಫಲಕಕ್ಕೂ ನಿನ್ನ ಸಂದರ್ಶನದಿಂದ ಆರಿಸಿದ ನಾಲ್ಕೈದು ಸಾಲು. ಅಚ್ಚು ಹಾಕಿಸಿ ಅಂಟಿಸಿದ್ದರೆ ಈ ಪತ್ರವೇ ಹುಟ್ಟುತ್ತಿರಲಿಲ್ಲ. ಆದರೆ ಪ್ರದರ್ಶನ ನೋಡಿಕೊಳ್ಳುವ ಮೇಡಂಗೆ ಅಚ್ಚಿನ ಅಕ್ಷರ ಸಪ್ಪೆ ಎನಿಸಿತಂತೆ. ಸಿಡಿಲಾಳುವಿನ ತಲೆಬರಹದಂಥ ಅಕ್ಷರವನ್ನು ಗೋಡೆಯ ಮೇಲೆ ಬ್ರಷ್ಷಿನಲ್ಲೇ ಬರೆಯುವ ಹಳೆಯ ಕೈ ಯಾವುದಾದರೂ ಉಳಿದಿದೆಯೇ ಎಂದು ಬೋರ್ಡು ಬರೆಯುವವರ ಅಂಗಡಿಗಳನ್ನೆಲ್ಲ ಸುತ್ತಿದ್ದಾರೆ. ಎಲ್ಲರೂ ಹೇಳಿದ್ದು ಒಂದೇ, ಅಕ್ಷರಕ್ಕನ ಹತ್ರ ಹೋಗಿ, ಅವರ ಕೈ ಥೇಟ್ ಹಾಗೇ ಇದೆ ಅಂತ. ಥೇಟ್ ಹಾಗೇ! ಮೇಡಂ ಬಂದರು. ನಾನು ಹಲಗೆಯ ಮೇಲೆ ಒಂದು ‘ಳು’ ಬರೆದು ತೋರಿಸಿದ್ದೇ ತಡ, ಅಯ್ಯೋ, ಬಾಲ ಕೂಡ ಅದೇ ಥರ ಸಿಡಿಯುತ್ತಲ್ರೀ, ಎಲ್ಲಿ ಕಲಿತ್ರಿ ಅಂದರು. ಹೊಟ್ಟೆಪಾಡು ಕಲಿಸ್ತು ಅಂದೆ. ಅವರ ಪುಸ್ತಕದಲ್ಲಿ, ಮುಖಪುಟದ ಅಕ್ಷರ ಯಾರದು ಎಂಬ ಜಾಗದಲ್ಲಿ ‘ತಿಳಿದುಬಂದಿಲ್ಲ’ ಎಂದಿದೆ. ನಿನ್ನನ್ನೇ ಕೇಳಿ ಬರೆದದ್ದಂತೆ. ಇರಲಿ. ಅಕ್ಷರದ ಜಗಳ ಇವತ್ತಿನದಲ್ಲ.

ನಿನ್ನ ಪ್ರದರ್ಶನ ಎಂದು ಗೊತ್ತಿದ್ದೂ ಯಾಕೆ ಒಪ್ಪಿದಳು ಎಂದು ನೀನು ಹುಬ್ಬೇರಿಸುತ್ತೀಯ. ಕೆಲಸ ಕೆಲಸವೇ, ಅದೊಂದು. ಇನ್ನೊಂದು, ಇಪ್ಪತ್ತಾರು ವರ್ಷ ದೂರವಿದ್ದ ಮೇಲೆ ನಿನ್ನ ಹೆಸರು ಕೇಳಿದರೆ ನನಗೆ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಒಪ್ಪುವಾಗ ಮೇಡಂಗೆ ನಾನು ಯಾರು ಎಂದು ಹೇಳಲಿಲ್ಲ. ಅವರೂ ಕೇಳಲಿಲ್ಲ. ಬೋರ್ಡು ಬರೆಯುವವಳ ಗಂಡ ಯಾರು ಎಂದು ಯಾರು ಕೇಳುತ್ತಾರೆ?

ನಮ್ಮ ಕೆಲಸದ ಕಟ್ಟಳೆ ನಿನಗೆ ಗೊತ್ತು. ಅಕ್ಷರ ಬರೆಯುವವರು ಬರೆಯುವಾಗ ಓದಬಾರದು. ಓದಿದರೆ ಮನಸ್ಸು ಮುಂದಿನ ಪದಕ್ಕೆ ಓಡುತ್ತದೆ, ಕೈ ಒಂದು ಒತ್ತಕ್ಷರ ನುಂಗಿಹಾಕುತ್ತದೆ. ಅದಕ್ಕೇ ನಾನು ಅಕ್ಷರ ಎಣಿಸಿ, ಅಳತೆ ಹಾಕಿ, ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಗೆರೆ ಹೊಡೆದು, ಆಮೇಲೆ ಒಂದೊಂದೇ ಅಕ್ಷರವನ್ನು ಆಕಾರ ಎಂದಷ್ಟೇ ನೋಡಿ ಬರೆಯುತ್ತೇನೆ. ಔಷಧದಂಗಡಿಯ ಬೋರ್ಡೂ ಅಷ್ಟೇ, ಶವಪೆಟ್ಟಿಗೆಯ ಅಂಗಡಿಯ ಬೋರ್ಡೂ ಅಷ್ಟೇ. ಮುಗಿದ ಮೇಲೆ ಏಣಿ ಇಳಿದು, ಹತ್ತು ಹೆಜ್ಜೆ ಹಿಂದೆ ನಿಂತು, ಆಗ ಓದುವುದು. ಹನ್ನೆರಡು ಫಲಕಗಳನ್ನು ಹಾಗೆಯೇ ಬರೆದೆ. ಹನ್ನೆರಡು ಸಲ ಕೆಳಗಿಳಿದು ಓದಿದೆ. ಕೆಲವು ಸಲ ನಗು ಬಂತು, ಕೆಲವು ಸಲ ಮೈಯೆಲ್ಲ ಉರಿಯಿತು.

ಮೊದಲನೇ ಫಲಕ. ಸಿಡಿಲಾಳುವಿನ ಮುಖಕ್ಕೆ ಕೆಳಗಿನಿಂದ ಬೀಳುವ ಬೆಳಕು ನಾನೂರು ವರ್ಷದ ಹಿಂದೆ ಕತ್ತಲ ಕೋಣೆಗಳನ್ನು ಚಿತ್ರಿಸಿದ ಮಹಾಕಲಾವಿದನೊಬ್ಬನಿಂದ ಬಂದದ್ದಂತೆ. ಅಲ್ಲಯ್ಯಾ, ಆ ಬಾಡಿಗೆ ಕೋಣೆಯಲ್ಲಿ ಪ್ಲಗ್ಗು ಇದ್ದದ್ದೇ ನೆಲದಿಂದ ಒಂದು ಗೇಣು ಮೇಲೆ, ನಮ್ಮ ದೀಪದ ವೈರು ಮೋಟು! ದೀಪವನ್ನು ನೆಲದ ಮೇಲೆ ಇಡದೆ ಬೇರೆ ದಾರಿ ಇತ್ತೇ? ನಿನ್ನ ಚಿತ್ರಕ್ಕೆ ಪೋಸು ಕೊಡಲು ನಾನು ಅದರ ಮುಂದೆ ನಿಂತರೆ ಮೂಗಿನ ನೆರಳು ಹಣೆಗೆ ಬೀಳುತ್ತಿತ್ತು, ನೀನು ಅದನ್ನೇ ಬರೆದೆ. ಮೂರನೆಯದು, ಹಾರುವ ಭಂಗಿ. ಯಾವುದೋ ಹಳೆಯ ಗುಮ್ಮಟದ ಒಳಛಾವಣಿಯಲ್ಲಿ ತೇಲುವ ರೆಕ್ಕೆಯವರಿಂದ ಬಂದದ್ದಂತೆ. ಇಸ್ತ್ರಿ ಮೇಜಿನ ಮೇಲೆ ಹೊಟ್ಟೆ ಊರಿ, ಕುತ್ತಿಗೆಗೆ ಹೊದಿಕೆ ಬಿಗಿದುಕೊಂಡು, ಮುಂದೆ ಟೇಬಲ್ ಫ್ಯಾನು ಇಟ್ಟುಕೊಂಡು ಕೈಕಾಲು ಚಾಚಿ ಮಲಗಿದ್ದವಳಿಗೆ ಒಂದು ರೆಕ್ಕೆಯೂ ಇರಲಿಲ್ಲ. ಮೇಜಿನ ಕಾಲು ಮುರಿದು ಬಿದ್ದು ನನ್ನ ಗಲ್ಲಕ್ಕೆ ಹೊಲಿಗೆ ಹಾಕಿಸಿದಾಗ ವೈದ್ಯರು ಹೇಗಾಯ್ತು ಅಂದರು. ನೀನು ಮೆಟ್ಟಿಲು ಜಾರಿದಳು ಅಂದೆ. ಎಂಟನೆಯದು, ಆ ಎತ್ತರದ ಗಾಜಿನ ಕಟ್ಟಡಗಳ ನಗರ. ಹೊಸ ಕಾಲದ ವಾಸ್ತುಶಿಲ್ಪಿಗಳ ಪ್ರಭಾವವಂತೆ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ನಿನ್ನ ಕೆಮ್ಮಿನ ಔಷಧದ ಬಾಟಲಿಗಳಿಗೆ ಬಾಯಿ ಇದ್ದಿದ್ದರೆ ಅವೂ ಪತ್ರ ಬರೆಯುತ್ತಿದ್ದವು.

ನ್ಯಾಯವಾಗಿ ಹೇಳಬೇಕಲ್ಲ, ಎಲ್ಲ ಸುಳ್ಳಲ್ಲ. ನಾಲ್ಕನೆಯದು ನಿಜ. ಹದಿನಾಲ್ಕನೇ ವಯಸ್ಸಿನಲ್ಲಿ ಗೋಡೆಯಿಂದ ಸರ್ಕಸ್ಸಿನ ಭಿತ್ತಿಪತ್ರವನ್ನು ಒದ್ದೆ ಬಟ್ಟೆ ಹಚ್ಚಿ ಹಚ್ಚಿ ಹರಿಯದಂತೆ ಬಿಡಿಸಿಕೊಂಡು ಬಂದವನು ನೀನು. ಉಯ್ಯಾಲೆಯಿಂದ ಜಿಗಿಯುವವಳು ಕಾಗದದ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಹಾರುವ ಚಿತ್ರ. ನಮ್ಮ ಮಂಚದ ತಲೆಯ ಕಡೆ ಅದು ಎಷ್ಟೋ ವರ್ಷ ಇತ್ತು, ನಿನ್ನ ಒಂದೊಂದು ಮುಖಪುಟದ ಓರೆಯೂ ಅದರಿಂದಲೇ ಬಂತು. ಆರನೆಯದೂ ನಿಜ. ಸಿನಿಮಾ ಪೋಸ್ಟರು ಬರೆಯುವ ಶೆಡ್ಡು, ಚೌಕ ಹಾಕಿ ಮುಖ ದೊಡ್ಡದು ಮಾಡುವುದು, ಕೆನ್ನೆಗೆ ಹಸಿರು ನೆರಳು ಹಚ್ಚುವುದು. ಕುಸ್ತಿಯ ಪೋಸ್ಟರಿನಿಂದ ಕಲಿತೆ ಎಂದದ್ದೂ ನಿಜ, ನೋಡುವವನನ್ನು ನೆಲದ ಮೇಲೆ ಕೂರಿಸಿದರೆ ಪೈಲ್ವಾನನ ತೊಡೆ ಕಂಬದ ಹಾಗೆ ಕಾಣುತ್ತದೆ ಎಂದು ನನಗೇ ಬರೆದು ತೋರಿಸಿದ್ದೆ. ಅವನ್ನು ಬರೆಯುವಾಗ ನನ್ನ ಕೈ ಖುಷಿಯಿಂದ ಬರೆಯಿತು. ಸರ್ಕಸ್ಸಿನ ಫಲಕದ ಕೆಳಗೆ ಒಂದು ಗಳಿಗೆ ಕೂತೆ, ಕಣ್ಣು ಒರೆಸಿಕೊಂಡೆ. ಇದನ್ನು ನಿನಗೆ ಹೇಳಬಾರದೆಂದಿದ್ದೆ.

ಹಾಗಾಗಿ ನೀನು ದೊಡ್ಡವರ ಹೆಸರು ಹೇಳಿಕೊಂಡೆ ಎಂದು ನನಗೆ ಸಿಟ್ಟಿಲ್ಲ. ದೊಡ್ಡವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಚಪಲ ಯಾರಿಗಿಲ್ಲ? ದೀಪದ ವೈರು ಮೋಟಾಗಿತ್ತು ಎಂದು ಹೇಳಲು ನಾಚಿಕೆಯಾಯಿತು, ಮಹಾಕಲಾವಿದನ ಹೆಸರು ಹೇಳಿದೆ. ಹೋಗಲಿ. ನಕ್ಕು ಬಿಟ್ಟುಬಿಡುತ್ತಿದ್ದೆ.

ಆಮೇಲೆ ಹದಿಮೂರನೆಯದು ಬಂತು. ಸೋಮವಾರ ಏಣಿ ಹತ್ತಿ ಎಂದಿನಂತೆ ಓದದೆ ಬರೆಯಲು ಹೊರಟೆ. ‘ಸಂಚಿಕೆ ಹದಿನೇಳು. ಹೆಬ್ಬೆ’ ಎಂಬಲ್ಲಿಗೆ ಬ್ರಷ್ಷು ತಾನಾಗಿ ನಿಂತಿತು. ನಲವತ್ತು ವರ್ಷದ ಅಭ್ಯಾಸ ಮುರಿದು ಮೇಡಂ ಕೊಟ್ಟಿದ್ದ ಫಲಕದ ಮಾತಿನ ಚೀಟಿಯನ್ನು ಏಣಿಯ ಮೇಲೆಯೇ ಓದಿದೆ. ನೀನು ಹೇಳಿದ ಮಾತನ್ನು ನಿನಗೇ ಬರೆದು ಕಳಿಸುತ್ತಿದ್ದೇನೆ, ಒಮ್ಮೆ ಗಟ್ಟಿಯಾಗಿ ಓದಿಕೋ. ‘ಹೆಬ್ಬೆರಳನ್ನು ಒಳಗೆ ಮಡಚಿದ ಈ ಪ್ರಸಿದ್ಧ ಮುಷ್ಟಿಗೆ ಪ್ರೇರಣೆ, ಹದಿನೇಳನೇ ವಯಸ್ಸಿನಲ್ಲಿ ಕಲಾವಿದರು ದೂರದ ನಗರವೊಂದರಲ್ಲಿ ಕಂಡ ಕಂಚಿನ ಯೋಧನ ಪ್ರತಿಮೆ. ಹೊಡೆಯಬಲ್ಲವನು ಮೊದಲು ತನ್ನನ್ನು ತಾನು ತಡೆದುಕೊಳ್ಳುತ್ತಾನೆ ಎಂಬ ಅರ್ಥ ಈ ಹೆಬ್ಬೆರಳಿನಲ್ಲಿದೆ.’

ಥೂ ನಿನ್ನ!

ಕೋಪದಲ್ಲಿ ಬ್ರಷ್ಷು ಬೀಳಿಸಿಬಿಟ್ಟೆ, ಕಾವಲುಗಾರನ ಟೋಪಿಯ ಮೇಲೆ ಕಪ್ಪು ಚುಕ್ಕೆ ಬಿತ್ತು, ಪಾಪ. ಕೆಳಗಿಳಿದು ಮೇಡಂಗೆ ಆ ಮೂಲೆಯ ಗೋಡೆ ಇನ್ನೂ ಹಸಿ ಇದೆ, ಬಣ್ಣ ಹಿಡಿಯಲ್ಲ, ಎರಡು ದಿನ ಬಿಡಬೇಕು ಎಂದು ಸುಳ್ಳು ಹೇಳಿದೆ.

ಹದಿನೇಳನೇ ವಯಸ್ಸಿನಲ್ಲಿ ನೀನು ಯಾವ ದೂರದ ನಗರವನ್ನೂ ನೋಡಿರಲಿಲ್ಲ. ಪೋಸ್ಟರಿನ ಶೆಡ್ಡಿನಲ್ಲಿ ಸೀಮೆಎಣ್ಣೆಯಲ್ಲಿ ಬ್ರಷ್ಷು ತೊಳೆಯುತ್ತಿದ್ದೆ, ಆ ವಾಸನೆಗೆ ಅನ್ನ ಸೇರುತ್ತಿರಲಿಲ್ಲ ಎಂದು ನೀನೇ ಹೇಳಿದ್ದೆ. ಅದೂ ಬಿಡು. ಮೇಡಂ ಆ ಕಂಚಿನ ಪ್ರತಿಮೆಯ ದೊಡ್ಡ ಫೋಟೋ ತರಿಸಿ ಕಡತದಲ್ಲಿ ಇಟ್ಟಿದ್ದಾರೆ. ನೋಡಿದೆ. ಅವನ ಹೆಬ್ಬೆರಳು ಹೊರಗಿದೆ! ನಾಲ್ಕು ಬೆರಳಿನ ಮೇಲೆ ಅಡ್ಡಲಾಗಿ, ಬೀಗ ಹಾಕಿದ ಹಾಗೆ, ಹೊರಗೇ ಇದೆ. ಸುಳ್ಳು ಹೇಳುವವನು ಪ್ರತಿಮೆಯ ಕೈಯನ್ನಾದರೂ ಒಮ್ಮೆ ನೋಡಿ ಹೇಳಬಾರದೇ? ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ.

ಕಂಚಿನ ಯೋಧನಾಗಲಿ, ಕುಸ್ತಿಯವನಾಗಲಿ, ಬೀದಿಯ ಪುಂಡನಾಗಲಿ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟುವುದಿಲ್ಲ. ಕಟ್ಟಿ ಹೊಡೆದರೆ ಮುರಿಯುವುದು ತನ್ನದೇ ಬೆರಳು. ಜೀವಮಾನದಲ್ಲಿ ಒಬ್ಬರ ಮೇಲೂ ಕೈ ಎತ್ತದವರು ಮಾತ್ರ ಹಾಗೆ ಕಟ್ಟುತ್ತಾರೆ. ಹದಿನೇಳನೇ ಸಂಚಿಕೆ ಬಂದ ವಾರ ವ್ಯಾಯಾಮಶಾಲೆಯ ಮೇಷ್ಟ್ರೊಬ್ಬರು ಬರೆದ ಕಾಗದ ನೆನಪಿದೆಯೇ? ನಿಮ್ಮ ವೀರ ಈ ಏಟು ಕೊಟ್ಟರೆ ಖಳನಾಯಕನಿಗಿಂತ ಮೊದಲು ಅವನೇ ಆಸ್ಪತ್ರೆ ಸೇರ್ತಾನೆ ಅಂತ. ನೀನು ಒಂದು ವಾರ ಯಾರಿಗೂ ಮುಖ ತೋರಿಸಲಿಲ್ಲ. ಆಮೇಲೆ ಆ ಸಂಚಿಕೆಯನ್ನು ಮೂರು ಸಲ ಅಚ್ಚು ಹಾಕಬೇಕಾಯಿತು ನೋಡು, ಅದು ಬೇಕೆಂದೇ ಬರೆದದ್ದು ಎಂದು ಹೇಳಲು ಶುರುಮಾಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಕೊರತೆಯೇ? ಆ ಹೆಬ್ಬೆರಳಿನ ಮೇಲೆ ಒಬ್ಬರು ಎಂಟು ಪುಟ ಬರೆದರು.

ಆ ಮುಷ್ಟಿಯ ಕಿರುಬೆರಳು ಹೊರಕ್ಕೆ ಸೊಟ್ಟಗಿದೆ. ಐದನೇ ವಯಸ್ಸಿನಲ್ಲಿ ಬಾಗಿಲಿಗೆ ಸಿಕ್ಕಿ ಮುರಿದ ಬೆರಳು, ಅಪ್ಪ ಕಟ್ಟು ಕಟ್ಟಿಸಿದ್ದು ಸರಿಯಾಗಿ ಕೂರಲಿಲ್ಲ. ಸಿಡಿಲಾಳುವಿನ ಉಳಿದ ಮೂವತ್ತೈದು ಮುಖಪುಟಗಳಲ್ಲಿ ಅವನ ಕಿರುಬೆರಳು ನೇರವಾಗಿದೆ, ಇದೊಂದರಲ್ಲಿ ಮಾತ್ರ ಸೊಟ್ಟ. ಈಗ ಈ ಪತ್ರ ಬರೆಯುತ್ತಿರುವ ಕೈಯಲ್ಲೂ ಸೊಟ್ಟ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದೆ. ಇಸ್ತ್ರಿ ಮೇಜಿನ ಹಾಗೆ ಇದಕ್ಕೂ ನಾನು ಪೋಸು ಕೊಟ್ಟೆ, ನೀನು ಬರೆದೆ, ಈಗ ಹೆಸರು ಹೇಳಲಿಲ್ಲ ಎಂದು ಜಗಳ ತೆಗೆದಿದ್ದೇನೆ ಎಂಬಂತಿದೆ. ನನಗೂ ಮುಚ್ಚಿಡುವ ಚಾಳಿ ಬಿಟ್ಟಿಲ್ಲ. ಅದು ಪೋಸು ಅಲ್ಲ. ಅದು ಪೋಸು ಅಲ್ಲ ಎಂದು ಮೊನ್ನೆಯವರೆಗೂ ಜಗತ್ತಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಪ್ರೆಸ್ಸಿನ ಕರಡಜ್ಜನಿಗೆ ಅರ್ಧ ಗೊತ್ತಿತ್ತು, ಅವರೂ ತೀರಿಕೊಂಡರು.

ಅವತ್ತು ಬೆಳಿಗ್ಗೆ ನಾನು ಹದಿನೇಳನೇ ಸಂಚಿಕೆಯ ತಲೆಬರಹ ಕೊಡಲು ಪ್ರೆಸ್ಸಿಗೆ ಹೋಗಿದ್ದೆ. ಕರಡು ತಿದ್ದುವ ಅಜ್ಜ, ಎಲ್ಲರ ಬಾಯಲ್ಲಿ ಕರಡಜ್ಜ, ಕೆಲವು ತರಲೆಗಳ ಬಾಯಲ್ಲಿ ಕರಡಿಯಜ್ಜ, ಮೆಟ್ಟಿಲ ಮೇಲೆ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಯಾಕಮ್ಮ ಬೇಡ ಅಂದ್ಬಿಟ್ಟೆ, ಐದು ಪತ್ರಿಕೆಯ ತಲೆಬರಹನೂ ನಿನ್ನ ಕೈಗೇ ಕೊಡ್ತಿದ್ರಲ್ಲ ಪ್ರೆಸ್ಸಿನ ಯಜಮಾನ್ರು, ಒಳಪುಟದಲ್ಲಿ ಹೆಸರೂ ಹಾಕ್ತಿದ್ರು ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಯಾರು ಬೇಡ ಅಂದ್ರು ಅಜ್ಜ ಅಂದೆ. ಅಯ್ಯೋ ಇದೇನಮ್ಮ, ಎರಡು ತಿಂಗಳ ಹಿಂದೆ ನಿನ್ನ ಗಂಡನೇ ಬಂದು ಅವಳಿಗೆ ಇಷ್ಟ ಇಲ್ಲ ಅಂತ ಹೇಳಿ ಹೋದ್ನಲ್ಲ ಅಂದರು. ಆಮೇಲೆ ನನ್ನ ಮುಖ ನೋಡಿ, ನಾನೇನೋ ತಪ್ಪು ಕೇಳಿಸ್ಕೊಂಡಿರ್ಬೇಕು ಬಿಡಮ್ಮ ಎಂದು ಎದ್ದು ಒಳಗೆ ಹೋದರು. ಜೀವನವಿಡೀ ಬೇರೆಯವರ ತಪ್ಪು ತಿದ್ದಿದ ಮನುಷ್ಯ ನಿನಗೋಸ್ಕರ ತನ್ನದಲ್ಲದ ತಪ್ಪನ್ನು ಮೈಮೇಲೆ ಹಾಕಿಕೊಂಡರು.

ಎರಡು ತಿಂಗಳು! ಎರಡು ತಿಂಗಳು ನೀನು ನನ್ನ ಎದುರು ಕೂತು ಊಟ ಮಾಡಿದ್ದೀಯ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನನಗೆ ತುತ್ತು ಬಂದದ್ದೇ ಗೊತ್ತಾಗಲಿಲ್ಲ.

ಪ್ರೆಸ್ಸಿನಿಂದ ಮನೆಗೆ ನಡೆದುಕೊಂಡೇ ಬಂದೆ. ನೀನು ಹಲಗೆಯ ಮುಂದೆ ಪೆನ್ಸಿಲು ಕಚ್ಚಿಕೊಂಡು ಕೂತಿದ್ದೆ, ಮೂರು ದಿನದಿಂದ ಹದಿನೇಳರ ಮುಖಪುಟ ಕೂಡಿಬಂದಿರಲಿಲ್ಲ. ನಾನು ಬಾಗಿಲಲ್ಲೇ ನಿಂತು ಕೇಳಿದೆ. ನೀನು ತಿರುಗಿ ಕೂಡ ನೋಡಲಿಲ್ಲ. ಹೌದು ಅಂದೆ. ನಿನಗ್ಯಾಕೆ ಆ ತಲೆನೋವೆಲ್ಲ, ನೀನು ಅಲ್ಲಿ ಹೋಗಿ ಕೂತ್ರೆ ಇಲ್ಲಿ ನನ್ನ ಚಿತ್ರಕ್ಕೆ ಯಾರು ನಿಲ್ಲೋದು ಅಂದೆ. ಅಷ್ಟೇ. ಉಪ್ಪು ಮುಗಿದಿದೆ ಎಂದು ಹೇಳುವ ದನಿಯಲ್ಲಿ ಹೇಳಿದೆ.

ನನ್ನ ಕೈ ಯಾವಾಗ ಮೇಲೆ ಹೋಯಿತೋ ನನಗೆ ಗೊತ್ತಿಲ್ಲ. ನಾನು ನಿನ್ನನ್ನು ಹೊಡೆಯಲು ಬಂದೆ, ತಿಳಿಯಿತೇ? ಯೋಧ ಗೀಧ ಏನೂ ಅಲ್ಲ. ನಿನ್ನ ಮುಖಕ್ಕೆ, ಆ ಪೆನ್ಸಿಲು ಕಚ್ಚಿದ ಬಾಯಿಗೆ ಸರಿಯಾಗಿ ಒಂದು ಕೊಡಬೇಕೆಂದು ನಾಲ್ಕು ಹೆಜ್ಜೆ ಬಂದೆ. ಹೊಡೆದು ಗೊತ್ತಿಲ್ಲದವಳು, ಹೆಬ್ಬೆರಳು ಒಳಗೆ ಹೋಯಿತು. ಆಗ ನೀನು ತಿರುಗಿದೆ. ನಿನ್ನ ಕಣ್ಣಲ್ಲಿ ಹೆದರಿಕೆ ಬಂದಿದ್ದರೆ ಸಾಕಿತ್ತು, ನಾಚಿಕೆ ಬಂದಿದ್ದರೆ ಸಾಕಿತ್ತು, ನನ್ನ ಕೈ ಹಿಡಿದು ತಿರುಚಿದ್ದರೂ ಜಗಳ ಜಗಳವಾಗಿ ಉಳಿಯುತ್ತಿತ್ತು. ನಿನ್ನ ಕಣ್ಣು ಅರಳಿತು. ಹಾಗೇ ನಿಲ್ಲು, ಅಲ್ಲಾಡಬೇಡ, ಮುಖಾನೂ ಹಾಗೇ ಇಟ್ಕೋ ಅಂದೆ. ಕಾಗದ ಎಳೆದುಕೊಂಡೆ.

ನಾನು ನಿಂತೆ.

ಇದನ್ನು ಬರೆಯಲು ಸೋಮವಾರದಿಂದ ಕಾಗದ ಹರಿದು ಹರಿದು ಹಾಕಿದ್ದೇನೆ. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಮೂರು ವರ್ಷದ ಅಭ್ಯಾಸ, ಅಲ್ಲಾಡಬೇಡ ಅಂದರೆ ಮೈ ತಾನಾಗಿ ನಿಲ್ಲುತ್ತಿತ್ತು. ನಲವತ್ತು ನಿಮಿಷ ಆ ಕೈಯನ್ನು ಮೇಲೆತ್ತಿಕೊಂಡು ನಿಂತೆ. ನಡುವೆ ನೀನು ಎದ್ದು ಬಂದು ನನ್ನ ಮೊಣಕೈಯನ್ನು ಎರಡು ಬೆರಳಷ್ಟು ಮೇಲೆ ಮಾಡಿ ಹೋದೆ. ಸ್ವಲ್ಪ ಹೊತ್ತಿಗೆ, ಕೋಪ ಇಳೀತಾ ಇದೆ ನೋಡು, ಇನ್ನೊಂಚೂರು ಬೇಕು ಅಂದೆ. ನಾನು ಹುಬ್ಬು ಬಿಗಿದೆ! ನಿನ್ನ ಮೇಲೆ ಬಂದ ಸಿಟ್ಟನ್ನು ನೀನು ಕೇಳಿದೆ ಎಂದು ಇನ್ನೊಂಚೂರು ಕೊಟ್ಟೆ. ಮುಗಿದ ಮೇಲೆ ಭುಜ ಹಿಡಿದುಕೊಂಡಿತ್ತು. ನಾನೇ ಹೋಗಿ ಕಾಫಿ ಮಾಡಿದೆ, ನಿನಗೊಂದು ಲೋಟ, ನನಗೊಂದು. ಪ್ರೆಸ್ಸಿನ ಮಾತು ಮತ್ತೆ ಎತ್ತಲೇ ಇಲ್ಲ. ಹೇಗೆ ಎತ್ತುವುದು? ಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಐದು ಪತ್ರಿಕೆಯ ಕೆಲಸ ಇನ್ನೊಬ್ಬರಿಗೆ ಹೋಯಿತು.

ಇನ್ನೂ ಹನ್ನೊಂದು ವರ್ಷ ಇದ್ದೆ. ಆಮೇಲೆ ಆ ಪತ್ರಕರ್ತ ಬಂದು, ನಿಮ್ಮ ಕಲೆಯ ಮೇಲೆ ಮನೆಯವರ ಪ್ರಭಾವ ಏನಾದ್ರೂ ಇದೆಯಾ ಅಂದ. ನಾನು ಪಕ್ಕದಲ್ಲೇ ಇದ್ದೆ. ಇದೆಯಲ್ಲ, ಇವಳ ಕಾಫಿ ಅಂದೆ ನೀನು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕು ಒಳಗೆ ಹೋಗಿ ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡೆ. ಮುಂದಿನ ವಾರ ಹೊರಟಾಗ, ಕಾಫಿ ಅಂದಿದ್ದಕ್ಕೆ ಇಷ್ಟೊಂದಾ ಎಂದು ನೀನು ಊರಿಗೆಲ್ಲ ಹೇಳಿಕೊಂಡು ತಿರುಗಿದೆಯಂತೆ. ಕಾಫಿಗೆ ಮನೆ ಬಿಟ್ಟವಳು ಎಂದು ನನ್ನ ಅಕ್ಕನೇ ನನ್ನನ್ನು ಆಡಿಕೊಂಡಳು. ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ, ಹೇಳಬೇಕಾದರೆ ಆ ನಲವತ್ತು ನಿಮಿಷವನ್ನೂ ಹೇಳಬೇಕಿತ್ತು.

ಇಷ್ಟು ವರ್ಷ ಬಿಟ್ಟು ಈಗ ಯಾಕೆ ಎಂದು ಕೇಳಬೇಡ. ನಿನ್ನ ಸುಳ್ಳನ್ನು ನೀನು ನಿನ್ನ ಬಾಯಲ್ಲೇ ಹೇಳಿಕೊಂಡಿರುವವರೆಗೆ ನಾನು ಸುಮ್ಮನಿದ್ದೆ. ಈಗ ಅದನ್ನು ನನ್ನ ಕೈಯಲ್ಲೇ ಬರೆಸಲು ಚೀಟಿ ಬಂದಿದೆ. ಆ ಮುಷ್ಟಿ ನನ್ನದಲ್ಲ, ಕಂಚಿನವನದು ಎಂದು ಆ ಮುಷ್ಟಿಯಲ್ಲೇ ಬ್ರಷ್ಷು ಹಿಡಿದು, ನನ್ನದೇ ‘ಳು’ ಹಾಕಿ, ಗೋಡೆಯ ಮೇಲೆ ಬರೆಯಬೇಕಂತೆ. ನಾನು ತಡೆದುಕೊಂಡೆನಂತೆ, ಅದರಲ್ಲಿ ದೊಡ್ಡ ಅರ್ಥವಿದೆಯಂತೆ! ನಾನು ತಡೆದುಕೊಳ್ಳಲಿಲ್ಲ ಕಣೋ. ನೀನು ನಿಲ್ಲಿಸಿದೆ. ಜೀವನದಲ್ಲಿ ಒಂದೇ ಒಂದು ಸಲ ನನಗೆ ಸರಿಯಾಗಿ ಸಿಟ್ಟು ಬಂದಿತ್ತು, ಅದನ್ನೂ ನೀನು ತೆಗೆದುಕೊಂಡೆ. ಅದು ನನಗೆ ವಾಪಸು ಬೇಕು.

ಹಾಗಾಗಿ ಕೇಳು. ಶುಕ್ರವಾರ ಸಂಜೆ ಐದು ಗಂಟೆಗೆ ಸಂಗ್ರಹಾಲಯದ ಕಚೇರಿಗೆ ಫೋನು ಮಾಡು. ನಂಬರು ನಿನ್ನ ಆಹ್ವಾನಪತ್ರಿಕೆಯ ಹಿಂದೆ ಇದೆ. ಮೂರು ಮಾತು ಹೇಳಿದರೆ ಸಾಕು. ಹದಿನೇಳನೇ ಸಂಚಿಕೆಯ ಮುಷ್ಟಿ ನನ್ನ ಹೆಂಡತಿಯದು. ಅವಳು ಅದನ್ನು ನನ್ನ ಮೇಲೆ ಎತ್ತಿದ್ದು. ಅವಳಿಗೆ ಬಂದ ಕೆಲಸವನ್ನು ಅವಳನ್ನು ಕೇಳದೆ ನಾನು ಬೇಡ ಅಂದಿದ್ದೆ, ಅದಕ್ಕೆ. ಸುತ್ತಿ ಬಳಸಿ ಬೇಡ, ಕಲೆ ಎಂದರೆ ಏನು ಎಂದು ಶುರುಮಾಡಬೇಡ, ಆ ಕಾಲವೇ ಹಾಗಿತ್ತು ಎನ್ನಬೇಡ. ಆ ಕಾಲದಲ್ಲೇ ಕರಡಜ್ಜನಿಗೆ ಅದು ತಪ್ಪು ಎಂದು ಗೊತ್ತಾಗಿತ್ತು. ನೀನು ಹೇಳಿದರೆ ಶನಿವಾರ ನಾನೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಹೇಳದಿದ್ದರೆ, ನಿನ್ನ ರಿಬ್ಬನ್ನು, ನಿನ್ನ ಕತ್ತರಿ.

ಆರೋಗ್ಯ ನೋಡಿಕೋ ಎಂದು ಬರೆಯುವ ಜಾಗ ಇದು. ಕೆಮ್ಮು ಇನ್ನೂ ಇದ್ದರೆ ಔಷಧ ತೆಗೆದುಕೋ. ಇದಕ್ಕಿಂತ ಹೆಚ್ಚು ನನ್ನ ಕೈಲಾಗದು.

ಇಂತಿ,
ಇನ್ನೂ ಸಿಟ್ಟಿನಲ್ಲಿರುವ
ಅಕ್ಷರಕ್ಕ

ಮತ್ತೆ: ಗೋಡೆ ಹಸಿ ಎಂದದ್ದು ಸೋಮವಾರದ ಮಾತು. ನಿನ್ನೆ ಮೇಡಂಗೆ ಎಲ್ಲವನ್ನೂ ಹೇಳಿಬಿಟ್ಟೆ, ನಿಂತದ್ದನ್ನೂ ಸೇರಿಸಿ. ಅವರು ನನ್ನ ಕೈಯನ್ನು ಗಾಜಿನ ಪಕ್ಕ ಹಿಡಿದು ನೋಡಿದರು, ಚೀಟಿಯನ್ನು ನಾಲ್ಕು ತುಂಡು ಮಾಡಿದರು, ನೀವೇ ಬರೀರಿ ಅಂದರು. ಹದಿಮೂರನೇ ಫಲಕ ಇವತ್ತು ಬೆಳಿಗ್ಗೆಯೇ ಮುಗಿದಿದೆ. ಮೊದಲ ಸಲ ಓದುತ್ತಾ ಬರೆದೆ, ಒಂದು ಒತ್ತೂ ತಪ್ಪಲಿಲ್ಲ. ಹೀಗಿದೆ: ‘ಸಂಚಿಕೆ ಹದಿನೇಳು. ಈ ಮುಷ್ಟಿ ಚಿತ್ರಕಾರರ ಹೆಂಡತಿಯದು. ಅವತ್ತು ಅವರಿಗೆ ಸಿಟ್ಟು ಬಂದಿತ್ತು. ಯಾಕೆ ಎಂದು ಚಿತ್ರಕಾರರನ್ನೇ ಕೇಳಿ.’ ನೀನು ಫೋನು ಮಾಡಿದರೂ ಮಾಡದಿದ್ದರೂ ಅದು ಅಲ್ಲೇ ಇರುತ್ತದೆ. ಆದರೂ ಮಾಡು. ಶುಕ್ರವಾರ ಐದು ಗಂಟೆಗೆ ಮೇಡಂ ಕಚೇರಿಯಲ್ಲಿ ಇರುವುದಿಲ್ಲ, ಫೋನು ಎತ್ತುವವಳು ನಾನೇ.